ಹ್ಯಾಗಿಸ್ ಅಂದ್ರೇನು, ಡ್ರಾಮ್ ಅಂದ್ರೇನು? ಸ್ಕಾಟ್ಲೆಂಡಿನ ಮೆನು ಕಾರ್ಡ್ ಓದುವ ಬಗೆ

ಹೋದ ತಿಂಗಳು ಅಣ್ಣನ ಮಗಳು ಗ್ಲಾಸ್ಗೋದಿಂದ ಒಂದು ಫೋಟೋ ಕಳಿಸಿದಳು. ಹೋಟೆಲಿನ ಮೆನು ಕಾರ್ಡ್. ಕೆಳಗೆ ಒಂದು ಸಾಲು: "ಚಿಕ್ಕಪ್ಪ, ಇದರಲ್ಲಿ ಯಾವುದು ಏನು ಅಂತ ಬೇಗ ಹೇಳಿ, ವೇಟರ್ ಎರಡು ಸಲ ಬಂದು ಹೋದ." ಕಾರ್ಡಿನಲ್ಲಿದ್ದದ್ದು ಇಂಗ್ಲಿಷ್ ಅಕ್ಷರಗಳೇ. ಆದರೆ ಹ್ಯಾಗಿಸ್, ನೀಪ್ಸ್, ಟ್ಯಾಟೀಸ್, ಕಲನ್ ಸ್ಕಿಂಕ್, ಕ್ರ್ಯಾನಕನ್ ಅಂತೆಲ್ಲ ಇದ್ದರೆ ಕಾನ್ವೆಂಟಿನಲ್ಲಿ ಓದಿದ ಹುಡುಗಿಗೂ ತಲೆ ಬುಡ ತಿಳಿಯುವುದಿಲ್ಲ. ನಾನು ಕೆಲಸದ ಮೇಲೆ ಎರಡು ವರ್ಷ ಅಬರ್ಡೀನ್‌ನಲ್ಲಿದ್ದವನು. ಮೊದಲ ಮೂರು ತಿಂಗಳು ನನ್ನ ಪಾಡೂ ಅದೇ ಆಗಿತ್ತು.

ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ಗ್ಲಾಸ್ಗೋ, ಎಡಿನ್‌ಬರಾ, ಡಂಡಿ ಅಂತ ಓದಲು ಹೋಗುವ ನಮ್ಮ ಕಡೆಯ ಮಕ್ಕಳಿದ್ದಾರೆ, ಅವರನ್ನು ನೋಡಲು ಹೋಗುವ ಅಪ್ಪ ಅಮ್ಮ ಇದ್ದಾರೆ. 2026ರ ಜುಲೈ 23ರಿಂದ ಆಗಸ್ಟ್ 2ರ ವರೆಗಿನ ಕಾಮನ್‌ವೆಲ್ತ್ ಕ್ರೀಡಾಕೂಟ ಗ್ಲಾಸ್ಗೋಗೇ ನಿಗದಿಯಾದದ್ದು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಂತೂ ಸ್ಕಾಚ್ ವಿಸ್ಕಿಯ ಸುಂಕವೇ ಎಲ್ಲ ಪೇಪರಿನಲ್ಲೂ ತಲೆಬರಹ. ಹಾಗಾಗಿ ಅವಳಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಓಟ್ಸ್

ಹಳೇ ಮೈಸೂರು ಕಡೆಯ ಊಟ ತಿಳಿಯಬೇಕಾದರೆ ಮೊದಲು ರಾಗಿ ತಿಳಿಯಬೇಕು. ಮಳೆ ಕಡಿಮೆ, ಮಣ್ಣು ಬಡವು, ಆದರೂ ಬೆಳೆ ಕೈಬಿಡುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಆ ಜಾಗ ಓಟ್ಸ್‌ನದ್ದು. ಅಲ್ಲಿನ ತೊಂದರೆ ಮಾತ್ರ ತಿರುಗುಮುರುಗು. ಮಳೆ ಜಾಸ್ತಿ, ಬಿಸಿಲು ಕಡಿಮೆ, ಬೇಸಿಗೆ ಚಿಕ್ಕದು. ಗೋಧಿ ಅಂಥ ಚಳಿ ಒದ್ದೆಯಲ್ಲಿ ಸರಿಯಾಗಿ ಮಾಗುವುದಿಲ್ಲ, ಓಟ್ಸ್ ಮಾಗುತ್ತದೆ. ನೂರಾರು ವರ್ಷ ಅಲ್ಲಿನ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಕಾಳು.

ಪಾರಿಜ್ ಅಂದರೆ ಓಟ್ಸ್ ಗಂಜಿ. ಹಳೆಯ ಕ್ರಮದಲ್ಲಿ ನೀರು, ಓಟ್ಸ್, ಚಿಟಿಕೆ ಉಪ್ಪು, ಅಷ್ಟೇ. ಸಕ್ಕರೆ, ಹಣ್ಣು, ಜೇನು ಎಲ್ಲ ಆಮೇಲೆ ಬಂದವು. ಈಗಲೂ ಅಲ್ಲಿನ ಹಿರಿಯರು ಸಕ್ಕರೆ ಹಾಕಿದವರನ್ನು ನೋಡಿ ಮುಖ ಕಿವುಚುತ್ತಾರೆ, ಅಂಬಲಿಗೆ ಸಕ್ಕರೆ ಹಾಕಿದರೆ ನಮ್ಮಜ್ಜಿ ನೋಡುತ್ತಿದ್ದಂತೆ. ಅದನ್ನು ಕಲಕಲು ಬಳಸುವುದು ಸ್ಪರ್ಟಲ್ ಎಂಬ ಉರುಟು ಮರದ ಕೋಲು. ಮೊದಲ ಸಲ ಕೈಗೆ ತೆಗೆದುಕೊಂಡಾಗ ನನಗೆ ಅನ್ನಿಸಿದ್ದು, ಅರೆ, ಇದು ನಮ್ಮ ಮುದ್ದೆ ಕೋಲಿನ ತಂಗಿ ಅಲ್ವಾ ಅಂತ! ಕೆಲಸವೂ ಅದೇ, ಗಂಟಾಗದಂತೆ ನೋಡಿಕೊಳ್ಳುವುದು. ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ವಿಶ್ವ ಪಾರಿಜ್ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಗೆದ್ದವರಿಗೆ ಕೊಡುವುದು ಗೋಲ್ಡನ್ ಸ್ಪರ್ಟಲ್, ಚಿನ್ನದ ಬಣ್ಣದ ಕೋಲು.

ಅಲ್ಲಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ 'ಮೀಲ್ ಮಂಡೇ' ಅಂತ ಒಂದು ರಜೆ ಇತ್ತು. ಮೀಲ್ ಅಂದರೆ ಇಲ್ಲಿ ಊಟ ಅಂತ ಅಲ್ಲ, ಓಟ್ಸ್ ಹಿಟ್ಟು. ಊರಿಂದ ತಂದ ಹಿಟ್ಟು ಮುಗಿಯುವ ಹೊತ್ತಿಗೆ ಬಡ ವಿದ್ಯಾರ್ಥಿಗಳು ಮನೆಗೆ ಹೋಗಿ ಇನ್ನೊಂದು ಚೀಲ ತುಂಬಿಸಿಕೊಂಡು ಬರಲಿ ಅಂತ ಕೊಟ್ಟ ರಜೆ. ಊರಿನ ಬಸ್ಸಿನಲ್ಲಿ ರೊಟ್ಟಿ ಬುತ್ತಿ ತರಿಸಿಕೊಂಡು ಧಾರವಾಡದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಮೆನು ಕಾರ್ಡ್ ನೋಡಿ, ಎಲ್ಲ ಕಡೆ ಇದೇ ಕಾಳು. ಓಟ್‌ಕೇಕ್ ಅಂದರೆ ಕೇಕ್ ಅಲ್ಲ, ಉಪ್ಪಿನ ಗಟ್ಟಿ ಬಿಸ್ಕತ್ತು, ಚೀಸ್ ಜೊತೆ ತಿನ್ನುವುದು. ಸ್ಕರ್ಲಿ ಅಂದರೆ ಈರುಳ್ಳಿ ಹಾಕಿ ಕೊಬ್ಬಿನಲ್ಲಿ ಹುರಿದ ಓಟ್ಸ್, ಉದುರುದುರು ಉಪ್ಪಿಟ್ಟಿನ ಹಾಗೆ. ಹೆರಿಂಗ್ ಮೀನಿಗೆ ಓಟ್ಸ್ ಮೆತ್ತಿ ಕಾಯಿಸುತ್ತಾರೆ. ನಮ್ಮ ಬಂಗುಡೆ ರವಾ ಫ್ರೈ, ರವೆ ಜಾಗದಲ್ಲಿ ಓಟ್ಸ್.

ಹ್ಯಾಗಿಸ್‌ಗೆ ಹೆದರಬೇಡಿ

ಹೊರಗಿನವರು ಜಾಸ್ತಿ ಮೂಗು ಮುರಿಯುವುದು ಇದರ ಹೆಸರು ಕೇಳಿ. ಕುರಿಯ ಹೃದಯ, ಲಿವರ್, ಶ್ವಾಸಕೋಶ ಬೇಯಿಸಿ ಸಣ್ಣಗೆ ಕೊಚ್ಚಿ, ಅದಕ್ಕೆ ಈರುಳ್ಳಿ, ಓಟ್ಸ್, ಗಟ್ಟಿ ಕೊಬ್ಬು, ಉಪ್ಪು, ಕಾಳುಮೆಣಸು ಸೇರಿಸಿ, ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಮತ್ತೆ ಬೇಯಿಸುತ್ತಾರೆ. ಇವತ್ತು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕೃತಕ ಕವಚದ್ದು.

ಮಿಲಿಟರಿ ಹೋಟೆಲಿನಲ್ಲಿ ಬೋಟಿ ಗೊಜ್ಜು, ಲಿವರ್ ಫ್ರೈ, ತಲೆಮಾಂಸ ತಿಂದವರಿಗೆ ಇದರ ಹಿಂದಿನ ಲೆಕ್ಕ ತಟ್ಟನೆ ಹೊಳೆಯುತ್ತದೆ. ಕುರಿ ಕಡಿದ ದಿನ ತೊಡೆ, ಪಕ್ಕೆಲುಬನ್ನು ಉಪ್ಪು ಹಾಕಿ ಇಡಬಹುದು, ಮಾರಬಹುದು. ಒಳಗಿನ ಭಾಗಗಳು ಮಾತ್ರ ಕಾಯುವುದಿಲ್ಲ, ಬೇಗ ಕೆಡುತ್ತವೆ. ಅವತ್ತೇ ಬೇಯಿಸಬೇಕು. ಅಷ್ಟಕ್ಕೆಲ್ಲ ಪಾತ್ರೆ ಎಲ್ಲಿ? ಕುರಿಯ ಹೊಟ್ಟೆಯೇ ಪಾತ್ರೆ. ಮಾಂಸ ಸ್ವಲ್ಪ, ಬಾಯಿಗಳು ಜಾಸ್ತಿ, ಹಾಗಾಗಿ ಓಟ್ಸ್ ಹಾಕಿ ಹೆಚ್ಚಿಸು. ಬಡವರ ಮನೆಯ ಹೆಂಗಸರ ಜಾಣತನ ಇದು. ಇದನ್ನು ಅಸಹ್ಯ ಅನ್ನುವವರ ಜೊತೆ ನನಗೆ ಯಾವತ್ತೂ ಸರಿಬಂದಿಲ್ಲ.

ರುಚಿ ಹೇಗೆ ಅಂತ ಕೇಳಿದರೆ, ಖೀಮಾಕ್ಕೆ ದಪ್ಪ ರವೆ ಬೆರೆಸಿ ಮೆಣಸಿನ ಪುಡಿ ಕೈತುಂಬ ಹಾಕಿದ ಹಾಗೆ. ಮೆತ್ತಗೆ, ಉದುರಾಗಿ, ಗಂಟಲಲ್ಲಿ ಸ್ವಲ್ಪ ಖಾರ ಬಿಡುತ್ತದೆ. ಜೊತೆಗೆ ಬರುವ ನೀಪ್ಸ್ ಅಂದರೆ ಹಳದಿ ತಿರುಳಿನ ಒಂದು ಬಗೆಯ ಟರ್ನಿಪ್ ಗಡ್ಡೆ, ಟ್ಯಾಟೀಸ್ ಅಂದರೆ ಆಲೂಗಡ್ಡೆ. ಎರಡನ್ನೂ ಬೇಯಿಸಿ ಬೆಣ್ಣೆ ಹಾಕಿ ಮಸೆದಿರುತ್ತಾರೆ. ಅಮೆರಿಕದಲ್ಲಿ 1971ರಿಂದ ಶ್ವಾಸಕೋಶವನ್ನು ಆಹಾರಕ್ಕೆ ಬಳಸುವ ಹಾಗಿಲ್ಲ, ಹಾಗಾಗಿ ಅಲ್ಲಿ ಹಳೆಯ ಕ್ರಮದ ಹ್ಯಾಗಿಸ್ ಸಿಗುವುದಿಲ್ಲ.

ಗ್ಲಾಸ್ಗೋದ ಇಂಡಿಯನ್ ಹೋಟೆಲುಗಳಲ್ಲಿ ಹ್ಯಾಗಿಸ್ ಪಕೋಡ ಸಿಗುತ್ತದೆ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ಸುಮ್ನೆ ಹೇಳುತ್ತಿಲ್ಲ, ಚೆನ್ನಾಗಿರುತ್ತದೆ. ಚಿಕನ್ ಟಿಕ್ಕಾ ಮಸಾಲಾ ಹುಟ್ಟಿದ್ದು ತಮ್ಮೂರಿನಲ್ಲೇ ಅಂತಲೂ ಗ್ಲಾಸ್ಗೋದವರು ಹೇಳುತ್ತಾರೆ. ಅಲ್ಲಿನ ಶೀಶ್ ಮಹಲ್ ಹೋಟೆಲಿನ ಅಲಿ ಅಹ್ಮದ್ ಅಸ್ಲಂ ಅವರು ಚಿಕನ್ ಒಣಒಣ ಅಂದ ಗಿರಾಕಿಗಾಗಿ ಟೊಮೆಟೊ ಸೂಪಿನಿಂದ ಸಾಸ್ ಮಾಡಿಕೊಟ್ಟರು ಅನ್ನುವುದು ಆ ಕಥೆ. ಬೇರೆ ಊರಿನವರದ್ದೂ ಇಂಥದ್ದೇ ಕಥೆಗಳಿವೆ, ಜಗಳ ಇನ್ನೂ ಬಗೆಹರಿದಿಲ್ಲ.

ಜನವರಿ 25ರ ರಾತ್ರಿ

ಒಂದು ತಿಂಡಿಗೆ ಇಡೀ ದೇಶ ಎದ್ದು ನಿಲ್ಲುವುದನ್ನು ನೋಡಬೇಕಾದರೆ ಬರ್ನ್ಸ್ ನೈಟ್‌ಗೆ ಹೋಗಬೇಕು. ರಾಬರ್ಟ್ ಬರ್ನ್ಸ್ ಅಲ್ಲಿನ ಜನಕವಿ. 1759ರ ಜನವರಿ 25ರಂದು ಅಲೋವೇ ಎಂಬ ಹಳ್ಳಿಯಲ್ಲಿ ರೈತನ ಮಗನಾಗಿ ಹುಟ್ಟಿದ. ಜನರಾಡುವ ಸ್ಕಾಟ್ಸ್ ನುಡಿಯಲ್ಲೇ ಬರೆದ. 1786ರಲ್ಲಿ ಹ್ಯಾಗಿಸ್ ಮೇಲೆ ಒಂದು ಪದ್ಯ ಕಟ್ಟಿದ. ಅವನು ತೀರಿಕೊಂಡು ಐದು ವರ್ಷವಾದ ಮೇಲೆ, 1801ರಲ್ಲಿ, ಗೆಳೆಯರು ಅಲೋವೇಯಲ್ಲಿ ಅವನ ನೆನಪಿಗೆ ಊಟಕ್ಕೆ ಕೂತರು. ಅದೇ ಮೊದಲ ಬರ್ನ್ಸ್ ಸಪ್ಪರ್. ಈಗ ಅವನ ಹುಟ್ಟುಹಬ್ಬದ ದಿನ ಹಳ್ಳಿಯ ಸಮುದಾಯ ಭವನದಿಂದ ದೊಡ್ಡ ಹೋಟೆಲುಗಳ ತನಕ ಎಲ್ಲ ಕಡೆ ನಡೆಯುತ್ತದೆ.

ನಾನು ನೋಡಿದ್ದು ಒಂದು ಚರ್ಚಿನ ಹಾಲಿನಲ್ಲಿ. ಮಡಚುವ ಕುರ್ಚಿಗಳು, ಕಾಗದದ ಮೇಜುಬಟ್ಟೆ. ಬಾಗಿಲು ತೆಗೆದಾಗ ಮುಂದೆ ಬ್ಯಾಗ್‌ಪೈಪ್ ಊದುವವನು, ಅವನ ಹಿಂದೆ ತಟ್ಟೆ ಎತ್ತಿ ಹಿಡಿದ ಅಡುಗೆಯಾಕೆ, ಮದುವೆಯಲ್ಲಿ ಓಲಗದವರ ಹಿಂದೆ ದಿಬ್ಬಣ ಬಂದ ಹಾಗೆ. ಎಲ್ಲರೂ ಎದ್ದು ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟೆ ಮೇಜಿನ ಮೇಲೆ ಇಟ್ಟ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಪದ್ಯ ಶುರು ಮಾಡಿದರು, ಪುಸ್ತಕ ಇಲ್ಲದೆ. ಚಾಕು ಹಿಡಿಯುವ ಸಾಲು ಬಂದಾಗ ಚಾಕು ಒರೆಸಿಕೊಂಡರು, ಮುಂದಿನ ಸಾಲಿಗೆ ಹ್ಯಾಗಿಸ್ ಹೊಟ್ಟೆ ಸೀಳಿದರು. ಭುಸ್ಸೆಂದು ಹಬೆ ಎದ್ದಿತು, ಮೆಣಸಿನ ವಾಸನೆ ಕೊನೆ ಸಾಲಿನ ತನಕ ಬಂತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತುಟಿ ಅಲ್ಲಾಡಿಸುತ್ತ ಪೂರ್ತಿ ಪದ್ಯ ಹೇಳಿಕೊಳ್ಳುತ್ತಿದ್ದರು. ಕಂಠಪಾಠ.

ಇನ್ನೂ ಹಬ್ಬದ ದಿನಗಳಿವೆ. ನವೆಂಬರ್ 30 ನಾಡಿನ ಸಂತ ಆಂಡ್ರ್ಯೂ ದಿನ, ಡಿಸೆಂಬರ್ 31 ಹೋಗ್ಮನೇ, ಅಂದರೆ ವರ್ಷದ ಕೊನೆಯ ರಾತ್ರಿ. ಅವತ್ತು ನಡುರಾತ್ರಿ ದಾಟಿದ ಮೇಲೆ ಹೊಸಿಲು ತುಳಿಯುವ ಮೊದಲ ಅತಿಥಿ ಕಪ್ಪು ಕೂದಲಿನವನಾಗಿದ್ದು, ಕೈಯಲ್ಲಿ ಕಲ್ಲಿದ್ದಲಿನ ತುಂಡು, ಶಾರ್ಟ್‌ಬ್ರೆಡ್, ವಿಸ್ಕಿ ಇದ್ದರೆ ವರ್ಷವೆಲ್ಲ ಶುಭ ಅನ್ನುವ ನಂಬಿಕೆ. ಸೆಪ್ಟೆಂಬರಿನಲ್ಲಿ ಸ್ಥಳೀಯ ಆಹಾರ, ಪಾನೀಯಗಳದ್ದೇ ಹಬ್ಬದ ವಾರಗಳು ಇರುತ್ತವೆ. ಓದಲು ಹೋಗುವ ಮಕ್ಕಳು ಇಳಿಯುವುದೂ ಸರಿಯಾಗಿ ಅದೇ ಹೊತ್ತಿಗೆ.

ಹೊಗೆ ಹಿಡಿದ ಮೀನು

ಫ್ರಿಜ್ ಇಲ್ಲದ ಕಾಲದಲ್ಲಿ ಮೀನು ಉಳಿಸಲು ನಮ್ಮ ಕರಾವಳಿಯವರು ಬಿಸಿಲು ನಂಬಿದರು, ಒಣಮೀನು ಮಾಡಿದರು. ಅಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಉಪ್ಪು ಮತ್ತು ಹೊಗೆಯನ್ನು ನಂಬಿದರು. ಇದು ತಲೆಯಲ್ಲಿದ್ದರೆ ಮೆನುವಿನ ಅರ್ಧ ಮೀನು ತಾನಾಗಿ ಅರ್ಥವಾಗುತ್ತದೆ.

ಆರ್ಬ್ರೋತ್ ಸ್ಮೋಕಿ ನೋಡಿ. ಆರ್ಬ್ರೋತ್ ಅಂದರೆ ಪೂರ್ವ ಕರಾವಳಿಯ ಒಂದು ಬಂದರು ಊರು. ಹ್ಯಾಡಕ್ ಎಂಬ ಬಿಳಿ ಮೀನಿನ ತಲೆ ತೆಗೆದು, ಹೊಟ್ಟೆ ಸ್ವಚ್ಛ ಮಾಡಿ, ಉಪ್ಪು ಹಿಡಿಸುತ್ತಾರೆ. ಎರಡೆರಡು ಮೀನಿನ ಬಾಲಕ್ಕೆ ದಾರ ಕಟ್ಟಿ ಜೋಡಿ ಮಾಡಿ ಕೋಲಿಗೆ ನೇತು ಹಾಕುತ್ತಾರೆ. ಕೆಳಗೆ ಗಟ್ಟಿ ಮರದ ಬೆಂಕಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚುತ್ತಾರೆ. ಒಳಗೆ ಹಬೆಯೂ ಹೊಗೆಯೂ ಸೇರಿ ಒಂದು ಗಂಟೆಯೊಳಗೆ ಮೀನು ಬೆಂದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಗೋಣಿ ಅಂದಾಗ ಇನ್ನೊಂದು ನೆನಪಾಯಿತು. ಪಕ್ಕದ ಡಂಡಿ ಊರು ಒಂದು ಕಾಲದಲ್ಲಿ ಬಂಗಾಳದ ಸೆಣಬು ತರಿಸಿ ಗೋಣಿ ನೇಯ್ದೇ ದೊಡ್ಡದಾದದ್ದು.

ಬಂದರಿನ ಹತ್ತಿರ ಒಂದು ಜೋಡಿ ಬಿಸಿಬಿಸಿ ಕೊಂಡು ಕಾಗದದಲ್ಲೇ ಬಿಚ್ಚಿ ತಿಂದಿದ್ದೆ. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದರೆ ಮುಳ್ಳು ಪೂರ್ತಿ ಒಂದೇ ಸಲ ಎದ್ದು ಬರುತ್ತದೆ. ಒಳಗೆ ತಿರುಳು ಮುತ್ತಿನ ಹಾಗೆ ಬಿಳಿ, ಎಣ್ಣೆ ಇಲ್ಲದೆಯೇ ಜಿನುಗುತ್ತಿರುತ್ತದೆ. ಬೆರಳಿನ ಹೊಗೆ ವಾಸನೆ ಮಾರನೇ ದಿನದ ತನಕ ಹೋಗಲಿಲ್ಲ.

ಕಲನ್ ಸ್ಕಿಂಕ್ ಅಂದರೆ ಸೂಪ್. ಕಲನ್ ಎಂಬುದು ಮೊರೇ ಕಡಲತೀರದ ಒಂದು ಪುಟ್ಟ ಊರು. ಹೊಗೆ ಹಿಡಿದ ಹ್ಯಾಡಕ್, ಆಲೂಗಡ್ಡೆ, ಈರುಳ್ಳಿ, ಹಾಲು, ಇಷ್ಟೇ ಸಾಮಾನು. ಮಳೆಯಲ್ಲಿ ನೆಂದು ಬಂದವರಿಗೆ ಇದಕ್ಕಿಂತ ಒಳ್ಳೆಯದು ಆ ದೇಶದಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಲೆಕ್ಕ.

ಚಿಪ್ಪಿ ಅಂದರೆ ಮೀನು ಮತ್ತು ಆಲೂಗಡ್ಡೆ ಕರಿದು ಮಾರುವ ಅಂಗಡಿ. ಅಲ್ಲಿ 'ಫಿಶ್ ಸಪ್ಪರ್' ಕೇಳಿದರೆ ಮೀನಿನ ಜೊತೆ ಚಿಪ್ಸ್ ಬರುತ್ತದೆ, ಬರೀ 'ಫಿಶ್' ಅಂದರೆ ಮೀನು ಮಾತ್ರ. ಎಡಿನ್‌ಬರಾದಲ್ಲಿ 'ಸಾಲ್ಟ್ ಅಂಡ್ ಸಾಸ್?' ಅಂತ ಕೇಳುತ್ತಾರೆ, ಕಂದು ಬಣ್ಣದ ತೆಳು ಹುಳಿ ಸಾಸ್ ಅದು. ಗ್ಲಾಸ್ಗೋದವರಿಗೆ ವಿನೆಗರ್ ಬೇಕು. ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನುವ ನಮ್ಮ ಜಗಳದಷ್ಟೇ ಗಟ್ಟಿ ಜಗಳ ಇದು.

ಒಂದು ಬೇಜಾರಿನ ಸಂಗತಿ ಇದೆ. ಪಶ್ಚಿಮ ಕರಾವಳಿಯಲ್ಲಿ ಲ್ಯಾಂಗಸ್ಟೀನ್ ಎಂಬ ಉದ್ದ ಕೊಂಡಿಯ ಸಿಗಡಿ ಜಾತಿ ಧಾರಾಳ ಸಿಗುತ್ತದೆ. ಬಹುಪಾಲು ಫ್ರಾನ್ಸ್, ಸ್ಪೇನ್‌ಗೆ ಲಾರಿ ಹತ್ತಿ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಹಿಡಿಯುವವರ ಊರಿನಲ್ಲೇ ಅದನ್ನು ತಿನ್ನುವವರು ಕಡಿಮೆ. ಒಳ್ಳೆಯದೆಲ್ಲ ಹೊರಗೆ, ಉಳಿದದ್ದು ಮನೆಗೆ. ಇದನ್ನು ತಿರುಗಿಸಬೇಕು ಅಂತ ಅಲ್ಲಿ ಕೆಲವು ದಶಕಗಳಿಂದ ಕೆಲಸ ನಡೆದಿದೆ. 2015ನ್ನು ಆಹಾರ ಮತ್ತು ಪಾನೀಯದ ವರ್ಷ ಅಂತ ಆಚರಿಸಿದರು. 2022ರಲ್ಲಿ 'ಗುಡ್ ಫುಡ್ ನೇಷನ್' ಎಂಬ ಕಾಯ್ದೆ ತಂದರು. ಜನರಿಗೆ ಒಳ್ಳೆಯ, ಸ್ಥಳೀಯ ಆಹಾರ ಸಿಗಲು ಏನು ಮಾಡುತ್ತೇವೆ ಅಂತ ಸರ್ಕಾರ, ಸ್ಥಳೀಯ ಆಡಳಿತಗಳು, ಆರೋಗ್ಯ ಮಂಡಳಿಗಳು ಯೋಜನೆ ಬರೆದಿಡಬೇಕು ಅನ್ನುವುದು ಅದರ ತಿರುಳು. ಈಗ ಮೆನುವಿನಲ್ಲಿ ಮೀನು ಯಾವ ಬಂದರಿನದು, ಮಾಂಸ ಯಾವ ಕಡೆಯದು ಅಂತ ಬರೆದಿರುವುದು ಜಾಸ್ತಿ ಕಾಣುತ್ತದೆ. ಬರೆಯದಿದ್ದರೆ ಕೇಳಿ. ಒಳ್ಳೆಯ ಹೋಟೆಲಿನವರಿಗೆ ಈ ಪ್ರಶ್ನೆ ಕೇಳಿದರೆ ಖುಷಿ.

ಊರಿನ ಹೆಸರಿಗೆ ಕಾವಲು

ಧಾರವಾಡ ಪೇಡ, ನಂಜನಗೂಡು ರಸಬಾಳೆ, ಉಡುಪಿ ಮಟ್ಟುಗುಳ್ಳಕ್ಕೆ ಇರುವ ಜಿಐ ಟ್ಯಾಗ್ ಗೊತ್ತಲ್ವಾ? ಅದೇ ಬಗೆಯ ರಕ್ಷಣೆ ಅಲ್ಲಿಯೂ ಇದೆ. ಆರ್ಬ್ರೋತ್ ಸ್ಮೋಕಿಗೆ 2004ರಲ್ಲಿ ಸಿಕ್ಕಿತು. ಆರ್ಬ್ರೋತ್‌ನಿಂದ 8 ಕಿಲೋಮೀಟರ್ ಒಳಗೆ, ಹಳೆಯ ಕ್ರಮದಲ್ಲೇ ಮಾಡಿದರೆ ಮಾತ್ರ ಆ ಹೆಸರು. ಸ್ಟೋರ್ನೊವೇ ಬ್ಲ್ಯಾಕ್ ಪುಡಿಂಗ್‌ಗೆ 2013ರಲ್ಲಿ ಸಿಕ್ಕಿತು. ಪುಡಿಂಗ್ ಅಂತ ಸಿಹಿ ಎಂದು ಮೋಸ ಹೋಗಬೇಡಿ, ಅದು ಪ್ರಾಣಿಯ ರಕ್ತ, ಓಟ್ಸ್, ಕೊಬ್ಬು ಸೇರಿಸಿ ಮಾಡಿದ ಕಪ್ಪು ಸಾಸೇಜ್, ಬೆಳಗಿನ ತಿಂಡಿಯ ತಟ್ಟೆಯಲ್ಲಿ ಬರುತ್ತದೆ. ಸ್ಕಾಚ್ ಬೀಫ್, ಸ್ಕಾಚ್ ಲ್ಯಾಂಬ್, ಸ್ಕಾಟ್ಲೆಂಡಿನ ಸಾಕಣೆಯ ಸ್ಯಾಮನ್ ಮೀನು ಎಲ್ಲಕ್ಕೂ ಇಂಥ ರಕ್ಷಣೆ ಇದೆ.

ವಿಸ್ಕಿ: ರಾಗಿ ಮಾಲ್ಟ್‌ನಿಂದ ಶುರು ಮಾಡೋಣ

ಕುಡಿಯದವರೂ ಇದನ್ನು ಓದಿ, ವಿಷಯ ಚೆನ್ನಾಗಿದೆ. ಮಾಲ್ಟ್ ಅಂದರೆ ಏನು? ಮಗುವಿಗೆ ರಾಗಿ ಮಾಲ್ಟ್ ಮಾಡುವಾಗ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸುತ್ತೇವೆ. ಅಷ್ಟೇ ವಿಷಯ. ಮೊಳಕೆ ಬಂದಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಎಚ್ಚರವಾಗುತ್ತದೆ. ಅವರು ರಾಗಿ ಜಾಗದಲ್ಲಿ ಬಾರ್ಲಿ ಬಳಸುತ್ತಾರೆ. ಮೊಳಕೆ ಕಾಳು ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ನೀರು ಬರುತ್ತದೆ. ಅದಕ್ಕೆ ಯೀಸ್ಟ್ ಹಾಕಿ ಹುಳಿ ಬರಿಸಿದರೆ ಬಿಯರ್‌ನಂಥ ದ್ರವ. ಅದನ್ನು ತಾಮ್ರದ ದೊಡ್ಡ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಕಾಯಿಸಿ ಆವಿ ಹಿಡಿದರೆ ನೀರಿನಂತೆ ತಿಳಿಯಾದ ಖಾರದ ಮದ್ಯ. ಇದಿನ್ನೂ ವಿಸ್ಕಿ ಅಲ್ಲ.

ವಿಸ್ಕಿ ಆಗುವುದು ಪೀಪಾಯಿಯಲ್ಲಿ. 2009ರ ನಿಯಮದ ಪ್ರಕಾರ ಸ್ಕಾಚ್ ಅನ್ನಬೇಕಾದರೆ ಸ್ಕಾಟ್ಲೆಂಡಿನಲ್ಲೇ, 700 ಲೀಟರ್ ಮೀರದ ಓಕ್ ಮರದ ಪೀಪಾಯಿಯಲ್ಲಿ, ಕಡಿಮೆ ಅಂದರೆ 3 ವರ್ಷ ಮಾಗಬೇಕು. ಬಾಟಲಿಯಲ್ಲಿ ಮದ್ಯದ ಪ್ರಮಾಣ 40 ಶೇಕಡಕ್ಕಿಂತ ಇಳಿಯಬಾರದು. ನೀರು ಮತ್ತು ಬಣ್ಣಕ್ಕೆ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನೂ ಬೆರೆಸುವಂತಿಲ್ಲ. ಬಾಟಲಿಯ ಮೇಲೆ 12 ಅಂತ ಇದ್ದರೆ ಒಳಗಿರುವುದರಲ್ಲಿ ಅತಿ ಚಿಕ್ಕದಕ್ಕೂ 12 ವರ್ಷ ತುಂಬಿದೆ ಅಂತ ಅರ್ಥ.

ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಬರೀ ಬಾರ್ಲಿ ಮಾಲ್ಟ್‌ನಿಂದ ಮಾಡಿದ್ದು. ಒಂದೇ ಪೀಪಾಯಿಯದು ಅಂತ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಬ್ಲೆಂಡೆಡ್ ಅಂದರೆ ಬೇರೆ ಬೇರೆ ಡಿಸ್ಟಿಲರಿಗಳ ಮಾಲ್ಟ್ ವಿಸ್ಕಿಗೆ ಇತರ ಧಾನ್ಯಗಳ ವಿಸ್ಕಿ ಸೇರಿಸಿದ್ದು. ಕಾಫಿಪುಡಿ ಅಂಗಡಿಯಲ್ಲಿ ಪೀಬೆರಿ ಇಷ್ಟು, ಪ್ಲಾಂಟೇಷನ್ ಇಷ್ಟು ಅಂತ ಹದ ನೋಡಿ ಬೆರೆಸುವ ಹಾಗೆ. ಅದೂ ಒಂದು ಕೈಗುಣವೇ.

ಐಲಾ ದ್ವೀಪದ ಕೆಲವು ವಿಸ್ಕಿಗಳಿಗೆ ಹೊಗೆ ವಾಸನೆ ಯಾಕೆ? ಅಲ್ಲಿ ಮರ ಕಡಿಮೆ. ಸಾವಿರಾರು ವರ್ಷ ಜೌಗಿನಲ್ಲಿ ಕೊಳೆತ ಗಿಡಗಳ ಪೀಟ್ ಎಂಬ ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಉರಿಸುತ್ತಿದ್ದರು. ಆ ಬೆಂಕಿಯಲ್ಲೇ ಮೊಳಕೆ ಬಾರ್ಲಿ ಒಣಗಿಸಿದರೆ ಹೊಗೆ ಕಾಳಿಗೆ ಹತ್ತುತ್ತದೆ, ಬಾಟಲಿಯ ತನಕ ಬಿಡುವುದಿಲ್ಲ. ಬೆರಣಿ ಒಲೆಯ ಮೇಲೆ ಕಾಸಿದ ಹಾಲಿನ ವಾಸನೆ ಗೊತ್ತಿದ್ದವರಿಗೆ ಇದು ಹೊಸದಲ್ಲ.

ಡ್ರಾಮ್ ಅಂದರೆ ಒಂದು ಗುಟುಕಿನ ಲೆಕ್ಕ. ಅಲ್ಲಿನ ಪಬ್ಬಿನಲ್ಲಿ ಒಂದು ಅಳತೆ 25 ಇಲ್ಲವೇ 35 ಮಿಲಿ, ನಮ್ಮ 30, 60ರ ಪೆಗ್ ಲೆಕ್ಕ ನಡೆಯುವುದಿಲ್ಲ. ನೀರು ಹಾಕಿದರೆ ಅವಮಾನ ಅನ್ನುವುದು ಸುಳ್ಳು, ಕೆಲವು ಹನಿ ನೀರು ಹಾಕಿ ವಾಸನೆ ಬಿಚ್ಚಿಕೊಳ್ಳಲು ಬಿಡುವವರೇ ಜಾಸ್ತಿ.

ಗ್ಲಾಸ್ಗೋದಲ್ಲಿ ಬೆಂಗಳೂರಿನ ಅಮೃತ್

ಪೀಪಾಯಿ ಮರ ಉಸಿರಾಡುತ್ತದೆ, ಒಳಗಿನದು ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ. ಅದಕ್ಕೆ ಅಲ್ಲಿಯವರು 'ದೇವತೆಗಳ ಪಾಲು' ಅನ್ನುತ್ತಾರೆ. ಚಳಿಯ ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು 2 ಶೇಕಡ. ಬೆಂಗಳೂರಿನಲ್ಲಿ ಸುಮಾರು 10ರಿಂದ 12. ಹಾಗಾಗಿ ನಮ್ಮಲ್ಲಿ ವಿಸ್ಕಿ ಬೇಗ ಮಾಗುತ್ತದೆ, ಆದರೆ 12 ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ತಳ ಮಾತ್ರ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ಅನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಮೇಲುಕೋಟೆಗೆ ಹೋಗಿ ಪುಳಿಯೋಗರೆ ಮಾರುವಷ್ಟು ಧೈರ್ಯ ಅದು. ಆಮೇಲೆ ಬಂದ ಅದರ ಫ್ಯೂಷನ್ ಎಂಬ ವಿಸ್ಕಿಯಲ್ಲಿ ಭಾರತದ ಬಾರ್ಲಿಯ ಜೊತೆ ಪೀಟ್ ಹೊಗೆ ಹತ್ತಿದ ಸ್ಕಾಟ್ಲೆಂಡಿನ ಬಾರ್ಲಿಯೂ ಇದೆ.

ಸುಂಕದ ಸುದ್ದಿಯ ಲೆಕ್ಕ ಇಷ್ಟು. ಭಾರತ ಸ್ಕಾಚ್ ಮೇಲೆ ಹಾಕುತ್ತಿದ್ದದ್ದು 150 ಶೇಕಡ. ಒಪ್ಪಂದದ ಪ್ರಕಾರ ಜಾರಿಗೆ ಬಂದ ಕೂಡಲೆ 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯಬೇಕು. ಆದರೆ ಇದು ಕೇಂದ್ರದ ಆಮದು ಸುಂಕ. ರಾಜ್ಯದ ಅಬಕಾರಿ ಸುಂಕ ಬೇರೆ. ಹಾಗಾಗಿ ಅಂಗಡಿ ಬೆಲೆ ಅರ್ಧ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಮಾಂಸ ತಿನ್ನದವರಿಗೆ

ನಮ್ಮ ಹುಡುಗಿ ಮಾಂಸ ಬಿಟ್ಟು ನಾಲ್ಕು ವರ್ಷ ಆಯಿತು. ಅವಳಿಗೆ ನಾನು ಮೊದಲು ಹೇಳಿದ್ದೇ ಸಸ್ಯಾಹಾರಿ ಹ್ಯಾಗಿಸ್. ಎಡಿನ್‌ಬರಾದ ಮ್ಯಾಕ್‌ಸ್ವೀನ್ ಕಂಪನಿ 1984ರಲ್ಲಿ ತಂದದ್ದು, ಓಟ್ಸ್, ಬೇಳೆಕಾಳು, ತರಕಾರಿ, ಬೀಜಗಳು, ಅದೇ ಮೆಣಸಿನ ಖಾರ. ಈಗ ಬಹಳ ಕಡೆ ಸಿಗುತ್ತದೆ. ಬೇಕರಿಯಲ್ಲಿ ಮ್ಯಾಕರೋನಿ ಪೈ ಕೇಳಿ, ಗರಿಗರಿ ಹಿಟ್ಟಿನ ಬಟ್ಟಲಲ್ಲಿ ಚೀಸ್ ಮ್ಯಾಕರೋನಿ. ಪಕ್ಕದಲ್ಲೇ ಇರುವ ಸ್ಕಾಚ್ ಪೈ ಮಾತ್ರ ಕುರಿಮಾಂಸದ್ದು, ನೋಡಲು ಎರಡೂ ಅಕ್ಕತಂಗಿಯರು.

ಕಣ್ಣಿಗೆ ಕಾಣದ ಕಡೆ ಹುಷಾರಾಗಿರಬೇಕು. ಕೆಲವು ಚಿಪ್ಪಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಕ್ಲೂಟಿ ಡಂಪ್ಲಿಂಗ್ ಅಂದರೆ ಒಣದ್ರಾಕ್ಷಿ, ಮಸಾಲೆ ಸೇರಿಸಿ ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಸಿಹಿ ಕಡುಬು, ಅದಕ್ಕೂ ಹಳೆಯ ಕ್ರಮದಲ್ಲಿ ದನದ ಕೊಬ್ಬು ಬೀಳುತ್ತದೆ. ತರಕಾರಿ ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕಿರಬಹುದು. ಕೇಳಿ, ಸಂಕೋಚ ಬೇಡ. ಮಾಂಸ ತಿನ್ನುವ ನಮ್ಮವರೂ ಹ್ಯಾಗಿಸ್‌ನಲ್ಲಿ ಯಾವ ಕೊಬ್ಬು ಅಂತ ಕೇಳುವುದು ಒಳ್ಳೆಯದು, ಕುರಿಯ ಜೊತೆ ದನ, ಹಂದಿಯದ್ದೂ ಇರಬಹುದು.

ಸಿಹಿಯಲ್ಲಿ ಚಿಂತೆ ಕಡಿಮೆ. ಶಾರ್ಟ್‌ಬ್ರೆಡ್ ಅಂದರೆ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು, ಮೊಟ್ಟೆ ಇಲ್ಲ, ನಮ್ಮ ನಾನ್‌ಕಟಾಯಿಯ ಬಳಗ. ಟ್ಯಾಬ್ಲೆಟ್ ಅಂದರೆ ಮಾತ್ರೆಯಲ್ಲ, ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಕುದಿಸಿ ಕಲಕಿ ಗಟ್ಟಿ ಮಾಡಿದ ಹರಳುಹರಳಾದ ಬರ್ಫಿ. ಕ್ರ್ಯಾನಕನ್‌ನಲ್ಲಿ ಕೆನೆ, ಹುರಿದ ಓಟ್ಸ್, ಜೇನು, ರಾಸ್‌ಬೆರಿ, ಜೊತೆಗೆ ವಿಸ್ಕಿ, ಬೇಡದವರು ಮೊದಲೇ ಹೇಳಿ. ಕುಡಿಯಲು ಅರ್ನ್ ಬ್ರೂ ಇದೆ. ಕಿತ್ತಳೆ ಬಣ್ಣದ ಸೋಡಾ, 1901ರಿಂದ ಬಂದದ್ದು, ಹೆಸರಿನ ಹಾಗೇ ಅದರಲ್ಲಿ ಚೂರು ಕಬ್ಬಿಣದ ಅಂಶವೂ ಇದೆ.

ಒಳಗೆ ಕೂತ ಮೇಲೆ

ಪಬ್ಬಿನಲ್ಲಿ ಮೇಜಿನ ಹತ್ತಿರ ಯಾರೂ ಬರದಿದ್ದರೆ ಕಾಯುತ್ತ ಕೂರಬೇಡಿ. ಬಹಳ ಕಡೆ ನಾವೇ ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಟ್ಟು ಬರಬೇಕು. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಕೆಲವು ಕಡೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇರುತ್ತದೆ, ಅದು ಕಡ್ಡಾಯ ಅಲ್ಲ ಅಂತ ಬರೆದಿದ್ದರೆ ಬೇಡ ಅನ್ನಬಹುದು. ಟಿಪ್ಸ್ ಕೊಟ್ಟರೆ 2024ರ ಅಕ್ಟೋಬರ್ 1ರಿಂದ ಮಾಲೀಕರು ಅದನ್ನು ಇಟ್ಟುಕೊಳ್ಳುವಂತಿಲ್ಲ, ಕೆಲಸದವರಿಗೇ ಹೋಗಬೇಕು ಅನ್ನುವುದು ಕಾನೂನು. ಮದ್ಯ ಮಾರುವ ಲೈಸೆನ್ಸ್ ಇರುವ ಕಡೆ ನಲ್ಲಿ ನೀರು ಕೇಳಿದರೆ ಬಿಟ್ಟಿ ಕೊಡಲೇಬೇಕು, ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ, ನೀರು ಅಷ್ಟು ಚೆನ್ನಾಗಿರುತ್ತದೆ.

ಅಲರ್ಜಿ ಇರುವವರಿಗೆ 14 ಪದಾರ್ಥಗಳ ಬಗ್ಗೆ ಹೋಟೆಲಿನವರು ಮಾಹಿತಿ ಕೊಡಬೇಕು. ಆ ಪಟ್ಟಿಯಲ್ಲಿ ನಮ್ಮ ಒಗ್ಗರಣೆಯ ಸಾಸಿವೆ, ಎಳ್ಳು, ಶೇಂಗಾ ಮೂರೂ ಇವೆ! ಬಾಗಿಲ ಹತ್ತಿರ ಅಂಟಿಸಿರುವ ಸ್ವಚ್ಛತೆಯ ಚೀಟಿ ನೋಡಿ. ಇಂಗ್ಲೆಂಡಿನಲ್ಲಿ 0ರಿಂದ 5ರ ಅಂಕ ಇದ್ದರೆ ಸ್ಕಾಟ್ಲೆಂಡಿನಲ್ಲಿ 'ಪಾಸ್' ಇಲ್ಲವೇ 'ಸುಧಾರಣೆ ಬೇಕು' ಅಂತ ಇರುತ್ತದೆ.

ಮದ್ಯಕ್ಕೆ 18 ತುಂಬಿರಬೇಕು, 25ಕ್ಕಿಂತ ಚಿಕ್ಕವರಂತೆ ಕಂಡರೂ ಗುರುತಿನ ಚೀಟಿ ಕೇಳುತ್ತಾರೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಬೆಳಿಗ್ಗೆ 10ರಿಂದ ರಾತ್ರಿ 10ರ ವರೆಗೆ ಮಾತ್ರ. ಕನಿಷ್ಠ ಬೆಲೆಯ ಕಾನೂನೂ ಇದೆ, 10 ಮಿಲಿ ಶುದ್ಧ ಮದ್ಯಕ್ಕೆ 65 ಪೆನ್ಸ್. ಆ ಲೆಕ್ಕದಲ್ಲಿ 40 ಶೇಕಡದ 700 ಮಿಲಿ ಬಾಟಲಿಯನ್ನು 18.20 ಪೌಂಡಿಗಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ. ಕುಡಿದು ಗಾಡಿ ಓಡಿಸುವ ಮಿತಿಯೂ 2014ರ ಡಿಸೆಂಬರಿನಿಂದ ಇಂಗ್ಲೆಂಡಿಗಿಂತ ಬಿಗಿ. ಸ್ಕಾಟ್ಲೆಂಡಿನಲ್ಲಿ 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ, ಇಂಗ್ಲೆಂಡಿನಲ್ಲಿ 80. ಡಿಸ್ಟಿಲರಿ ನೋಡಲು ಕಾರಿನಲ್ಲಿ ಹೋಗುವವರು ರುಚಿ ನೋಡಲು ಕೊಡುವ ತಮ್ಮ ಪಾಲಿನ ವಿಸ್ಕಿಯನ್ನು ಪುಟ್ಟ ಬಾಟಲಿಯಲ್ಲಿ ಹಾಕಿಕೊಡಿ ಅಂತ ಕೇಳಬಹುದು, ಬಹಳ ಕಡೆ ಕೊಡುತ್ತಾರೆ.

ಇನ್ನೊಂದು ಮಾತು, ಹಸಿದು ಕಲಿತದ್ದು. ಹಳ್ಳಿ ಕಡೆ, ದ್ವೀಪಗಳಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಇನ್ನೂ ಹೊತ್ತಿದೆ ಅಂತ ನಾವು ಅಲೆಯುತ್ತಿರುತ್ತೇವೆ. ಅಡುಗೆಮನೆ ಎಂಟು, ಎಂಟೂವರೆಗೇ ಮುಚ್ಚಿರುತ್ತದೆ. ಪಬ್ ತೆರೆದಿದ್ದರೂ ಊಟ ಇರುವುದಿಲ್ಲ. ಮೊದಲೇ ಫೋನ್ ಮಾಡಿ ಮೇಜು ಹೇಳಿಡಿ, ಅಡುಗೆ ಎಷ್ಟು ಹೊತ್ತಿನ ತನಕ ಅಂತಲೂ ಆಗಲೇ ಕೇಳಿಬಿಡಿ.